ತನ್ನ ಬಣ್ಣಿಸದೆ ಒಂದು ಮದುವೆ ಊಟ

ಪಂದ್ಯ ಕಟ್ಟಿದವರು ವೈನಿ. ಇಳಕಲ್ಲಿನಲ್ಲಿ ಅವರ ತವರಿನ ಕಡೆಯ ಮದುವೆ. ಧಾರವಾಡದಿಂದ ನಸುಕಿನಲ್ಲೇ ಕ್ರೂಸರ್ ಹೊರಟಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳು ಶಾಲೆಯ ಕಂಠಪಾಠ ಸ್ಪರ್ಧೆಗೆಂದು ‘ಕಳಬೇಡ ಕೊಲಬೇಡ’ ಉರು ಹೊಡೆಯುತ್ತಿದ್ದವು. ಕೇಳಿ ಕೇಳಿ ಸಾಕಾಗಿ ವೈನಿ ನನ್ನ ಕಡೆ ತಿರುಗಿದರು. “ಸಣ್ಣವರಿದ್ದಾಗಿಂದ ಇದನ್ನ ಅನಕೋತ ಬಂದೇವಿ. ಒಂದು ದಿನಾನರೆ ಹಂಗ ನಡಕೊಂಡೇವೇನು?”

ಏಳನ್ನೂ ಒಮ್ಮೆಗೇ ಹೊರುವುದು ಆಗದ ಮಾತು ಅಂತ ಚೌಕಾಸಿಗೆ ಇಳಿದೆವು. ಕಳವು, ಕೊಲೆಗೆ ನಮ್ಮಂಥವರಿಗೆ ಧೈರ್ಯವೇ ಇಲ್ಲ, ಅವು ಬೇಡ. ಮುನಿಯಬೇಡ ಅನ್ನುವುದು ಮದುವೆಮನೆಗೆ ಹೋಗುವ ದಿನ ಸಾಧ್ಯವೇ ಇಲ್ಲ. ಕೊನೆಗೆ ಉಳಿದದ್ದು ಕಡೆಯ ಎರಡು: ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ. ಮನೆ ಮುಟ್ಟುವ ತನಕ ಇಬ್ಬರೂ ಪಾಲಿಸಬೇಕು. ಸುಲಭದ್ದನ್ನೇ ಆರಿಸಿಕೊಂಡೆವು ಅನ್ನಿಸಿತ್ತು.

ಛತ್ರದೊಳಗೆ ಕಾಲಿಟ್ಟು ಹತ್ತು ನಿಮಿಷಕ್ಕೇ ನನಗೆ ಮಾತು ಮುಗಿದುಹೋಯಿತು. “ಮಗಳು ಏನ್ ಮಾಡ್ತಾಳ್ರೀ?” ಅಂತ ಯಾರೋ ಕೇಳಿದರು. ಇಂಥಲ್ಲಿ ಓದುತ್ತಾಳೆ ಅಂದೆ, ನಿಲ್ಲಿಸಿದೆ. ಅಲ್ಲಿಂದ ಮುಂದೆ ನಾನು ಯಾವತ್ತೂ ಹೇಳುವ ಒಂದು ಪುರಾಣವಿದೆ, ಟ್ಯೂಷನ್ ಇಲ್ಲದೆ ಸೀಟು ಗಿಟ್ಟಿಸಿದ್ದು ಇತ್ಯಾದಿ. ಅದನ್ನು ಬಾಯೊಳಗೇ ಹಿಡಿದುಕೊಂಡು ನಿಂತರೆ ಎದುರಿನವರು ಪಾಪ, ಮಗಳು ಫೇಲಾಗಿರಬೇಕು ಅಂದುಕೊಂಡು ಮೆತ್ತಗೆ ಮಾತು ಬದಲಿಸಿದರು. ಅವರ ಮುಖದ ಆ ಕನಿಕರವನ್ನು ಸಹಿಸುವುದು ಉಪವಾಸಕ್ಕಿಂತ ಕಷ್ಟ. ಇನ್ನೊಂದು ಗುಂಪಿನಲ್ಲಿ ಬೀಗರ ಬಗ್ಗೆ, ಕೊಟ್ಟ ಸೀರೆಗಳ ಬಗ್ಗೆ ನಡೆದಿತ್ತು. ಅಲ್ಲಿ ಒಂದು ಮಾತನ್ನಾದರೂ ಸೇರಿಸದಿದ್ದರೆ ಗುಂಪಿನೊಳಗೆ ಜಾಗವೇ ಇಲ್ಲ. ಈ ಎರಡು ಬೇಡಗಳನ್ನು ಬಸವಣ್ಣ ಒಟ್ಟಿಗೆ ಇಟ್ಟದ್ದು ಸುಮ್ಮನೆ ಅಲ್ಲ. ನನ್ನ ಮಗಳನ್ನು ಹೊಗಳಿದ ಕೂಡಲೇ ಪಕ್ಕದವರ ಮಗಳನ್ನು ಅರ್ಧ ಹಳಿದಂತೆಯೇ.

ಹುಡುಗಿಯ ಅಪ್ಪ ಸಾಲುಸಾಲಿಗೆ ಬಂದು ಕೈಮುಗಿಯುತ್ತಿದ್ದರು. “ನಮ್ದೇನೈತ್ರೀ, ಬಡವರ ಮದುವಿ, ಹೊಂದಿಸಿಕೋಬೇಕು.” ಹಿಂದೆ ಹೂವಿನ ಮಂಟಪ, ತಲೆ ಮೇಲೆ ಡ್ರೋನ್ ಕ್ಯಾಮೆರಾ. ‘ಅಯ್ಯೋ ಎಷ್ಟ್ ಛಂದ ಮಾಡೀರಿ’ ಅನ್ನಿಸಿಕೊಳ್ಳಲಿಕ್ಕೆ ಇದಕ್ಕಿಂತ ಒಳ್ಳೆಯ ಗಾಳ ಇಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಮನಸ್ಸಿನಲ್ಲಿ ಹಳಿದದ್ದು ಲೆಕ್ಕಕ್ಕೆ ಬರುತ್ತದೆಯೇ? ಅಂತರಂಗಶುದ್ಧಿ, ಬಹಿರಂಗಶುದ್ಧಿ ಎರಡನ್ನೂ ಒಟ್ಟೊಟ್ಟಿಗೇ ಹೇಳಿದವರ ಹತ್ತಿರ ವಿನಾಯಿತಿ ಕೇಳುವುದು ಹೇಗೆ? ಅವರೋ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಬೊಕ್ಕಸ ನೋಡಿಕೊಳ್ಳುವವನ ಸುತ್ತ ಹೊಗಳುವವರಿಗೆ ಬರವಿರುತ್ತದೆಯೇ? ಅಂಥ ಕಡೆ ಕೂತು ‘ಎನಗಿಂತ ಕಿರಿಯರಿಲ್ಲ’ ಅಂದರು. ಅದನ್ನು ಇಷ್ಟು ದಿನ ಭಕ್ತರ ಸೌಜನ್ಯ ಅಂತ ಓದಿಕೊಂಡಿದ್ದೆ. ಪಂಕ್ತಿಯಲ್ಲಿ ಕೂತು ನಾಲಿಗೆ ಕಚ್ಚಿಕೊಳ್ಳುವಾಗ ಅದರ ಹಿಂದಿನ ಕಸರತ್ತು ಸ್ವಲ್ಪ ಕಂಡಿತು.

ಊಟಕ್ಕೆ ನನ್ನ ಪಕ್ಕದಲ್ಲಿ ಕೂತಿದ್ದವರು ಮಗ್ಗದ ಮನೆಯ ಒಬ್ಬ ಹಿರಿಯ ಹೆಂಗಸು. ನನ್ನ ಹತ್ತಿರ ಹೇಳಲಿಕ್ಕೆ ಏನೂ ಉಳಿದಿರಲಿಲ್ಲವಾದ್ದರಿಂದ, ಅವರುಟ್ಟ ಸೀರೆಯ ಸೆರಗಿನ ಬಗ್ಗೆ ಕೇಳಿದೆ. ನನ್ನ ಕಪಾಟಿನಲ್ಲಿ ಇಳಕಲ್ ಸೀರೆಗಳಿಗೇನೂ ಕಡಿಮೆಯಿಲ್ಲ, ಆದರೂ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರಂತೆ. “ಇದು ಟೋಪ ತೆನಿ ಸೆರಗು ನೋಡವಾ. ಕೆಂಪು ರೇಶ್ಮಿ, ನಡುವ ಬಿಳಿ ಪಟ್ಟಿ. ಕೊಂಡಿ ಹಾಕೂದು ನಮ್ಮ ಹೆಣ್ಮಕ್ಕಳ ಕೆಲಸ. ಒಂದ್ ಎಳಿ ತಪ್ಪಿದ್ರ ಕಣ್ಣಿಗೆ ಬೀಳತೈತಿ” ಅಂದರು. ಮಾದಲಿಗೆ ಬಿಸಿ ಹಾಲು, ತುಪ್ಪ ಹಾಕಿಸಿಕೊಳ್ಳುತ್ತ ಬೆರಳುಗಳನ್ನು ಎತ್ತಿ ಕೊಂಡಿ ಹಾಕುವುದನ್ನು ತೋರಿಸಿದರು. ಊಟ ಮುಗಿದದ್ದೇ ತಿಳಿಯಲಿಲ್ಲ. ‘ಸರ್ವರೊಳಗೊಂದು ನುಡಿಗಲಿತು’ ಅಂತ ಸರ್ವಜ್ಞ ಹೇಳಿಕೊಂಡಿದ್ದಾನಲ್ಲ, ಅವನೂ ಮೊದಲು ತನ್ನ ಬಾಯಿ ಮುಚ್ಚಿಕೊಂಡಿದ್ದಿರಬೇಕು.

ವೈನಿ ಆಚೆ ಸಾಲಿನಲ್ಲಿ ಕೆನ್ನೆಗೆ ಕೈ ಹಚ್ಚಿಕೊಂಡು ಕೂತಿದ್ದರು. ತವರಿನವರೆಲ್ಲ ಸುತ್ತುಗಟ್ಟಿ ಲವಂಗ ತಂದುಕೊಡುತ್ತಿದ್ದರು. ನನಗೂ ಗಾಬರಿಯಾಯಿತು. ಕೇಳಿದರೆ ತಲೆ ಅಲ್ಲಾಡಿಸಿದರು, ಅಷ್ಟೆ.

ತಿರುಗಿ ಬರುವಾಗ ಮಕ್ಕಳು ಹಟ ಮಾಡಿದ್ದಕ್ಕೆ ಕೂಡಲಸಂಗಮಕ್ಕೆ ಹೋದೆವು. ಕೃಷ್ಣೆ, ಮಲಪ್ರಭೆ ಸೇರುವ ಜಾಗ. ನಾರಾಯಣಪುರದ ಜಲಾಶಯದ ಹಿನ್ನೀರು ಇಲ್ಲಿಯವರೆಗೂ ನಿಲ್ಲುವುದರಿಂದ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಕೈಮುಗಿದು ಮೇಲೆ ಹತ್ತುವಾಗ ವೈನಿ ಮೆಲ್ಲಗೆ ಬಾಯಿ ಬಿಟ್ಟರು.

“ನನ್ನ ಹಲ್ಲು ಗಟ್ಟಿ ಅದಾವು.”

“ಮತ್ತ ಬೆಳಿಗ್ಗಿಂದ ಲವಂಗ ಯಾಕ ಕಡದ್ರಿ?”

“ಏನ್ ಮಾಡ್ಲಿ? ‘ಯಾಕಬೇ ಇಷ್ಟ್ ಸುಮ್ಮಕ ಕುಂತೀ’ ಅಂತ ಎಲ್ಲಾರೂ ಕೇಳಾಕಹತ್ತಿದ್ರು. ನಾ ಇವತ್ತ ನನ್ನ ಹೊಗಳಿಕೊಳ್ಳೂದಿಲ್ಲ, ಮಂದೀನ ಬೈಯೂದಿಲ್ಲ ಅಂತ ಹೇಳಿದ್ರ, ಅದ ಹೊಗಳಿಕೊಂಡಂಗ ಆತಲ್ಲ. ಅದಕ್ಕ ಹಲ್ಲುಬ್ಯಾನಿ ಅಂದೆ.”

ಹಾಗಾದರೆ ಮೂರನೆಯದು ಮುರಿಯಿತು, ಹುಸಿ ನುಡಿದಿರಿ ಅಂದೆ. ಪಂದ್ಯ ಎರಡಕ್ಕೆ ಮಾತ್ರ, ಮೂರನೆಯದು ಅದರಲ್ಲಿ ಇರಲಿಲ್ಲ ಅಂತ ಅವರ ವಾದ. ಕ್ರೂಸರ್ ಹೊರಟ ಮೇಲೂ ಅದು ಬಗೆಹರಿಯಲಿಲ್ಲ. ಸುಳ್ಳಿನಿಂದ ಯಾರಿಗೂ ನಷ್ಟವಾಗಲಿಲ್ಲ ಅಂತ ಅವರು. ಲವಂಗ ತಂದವರ ಕಾಳಜಿ ದಂಡವಾಯಿತಲ್ಲ ಅಂತ ನಾನು. ಆ ಕಾಳಜಿಯನ್ನು ನೆನೆದು ವೈನಿ ಸ್ವಲ್ಪ ಹೊತ್ತು ಸುಮ್ಮನಾದರು. ನಾಳೆ ಫೋನ್ ಹಚ್ಚಿ ಅವರಿಗೆಲ್ಲ ಇದ್ದದ್ದು ಇದ್ದಂತೆ ಹೇಳುತ್ತೇನೆ ಅಂದರು. ಹೇಳಿದರೆ ಮತ್ತೆ ಆರನೆಯದು ಮುರಿಯುತ್ತದೆ ಅಂತ ನೆನಪಿಸಿದೆ.

“ಮುಂದಿನ ತಿಂಗಳ ಕುಬಸಕ್ಕ ಹೋಗೂದೈತಲ್ಲ, ಅಲ್ಲಿ ‘ಮುನಿಯಬೇಡ’ ಹಿಡಿಯೂಣ್ರಿ ವೈನಿ.”

ಅವರು ಕೈ ಜೋಡಿಸಿಬಿಟ್ಟರು. “ಬ್ಯಾಡವಾ. ಅಲ್ಲಿಗೆ ನಿಮ್ಮಣ್ಣಾರೂ ಬರ್ತಾರ.”