ನಿಜವಾಗ್ಲೂ ಮಾಡ್ಕೋತಾನಾ, ಸುಮ್ನೆ ಹೆದರಿಸ್ತಾನಾ?

ಮನೆಯವರೊಬ್ಬರು, ಇಲ್ಲವೇ ಗೆಳೆಯರು, "ಸಾಯ್ತೀನಿ" ಅಂದಿರುತ್ತಾರೆ. ಅದನ್ನು ನನಗೆ ಹೇಳಿದವರು ಕೊನೆಗೆ ಕೇಳುವುದು ಮೇಲಿನ ಪ್ರಶ್ನೆಯನ್ನೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ನನಗೆ ಗೊತ್ತಿಲ್ಲ. ನಿಮಗೂ ಗೊತ್ತಾಗುವುದಿಲ್ಲ. 50 ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2017ರ ವಿಶ್ಲೇಷಣೆಯೊಂದರಲ್ಲಿ, ತಜ್ಞರು ನೆಚ್ಚಿಕೊಂಡಿದ್ದ ಅಪಾಯದ ಲಕ್ಷಣಗಳಿಂದ ಮಾಡುವ ಊಹೆ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವಷ್ಟೇ ಮೇಲಿತ್ತು. ಅಂಕ ಹಾಕಿ ಭವಿಷ್ಯ ಹೇಳುವ ಪಟ್ಟಿಗಳನ್ನು ಬಳಸಬೇಡಿ ಎಂದು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ವೈದ್ಯರಿಗೇ ಸೂಚಿಸಿತು. ಹೀಗಿರುವಾಗ ಹಜಾರದಲ್ಲಿ ಕೂತು "ಇದು ನಾಟಕ" ಎಂದು ತೀರ್ಪು ಕೊಡುವುದು ಹೇಗೆ? "ಹಿಂದೆಯೂ ಒಂದು ಸಲ ಪ್ರಯತ್ನಿಸಿದ್ದ, ಏನೂ ಆಗಲಿಲ್ಲ" ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಹಿಂದಿನ ಪ್ರಯತ್ನವಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. ನಂಬಲಿಲ್ಲ ಎಂದು ಗೊತ್ತಾದ ದಿನದಿಂದ ಅವರು ಹೇಳುವುದನ್ನೇ ನಿಲ್ಲಿಸಿಬಿಡಬಹುದು. ನನ್ನ ಭಯ ಅದೇ.

"ಇವತ್ತು ರಾತ್ರಿ ನಾನೇನು ಮಾಡಲಿ?" ಎಂದು ಕೇಳಿ, ಪುಣ್ಯ ಬರುತ್ತದೆ. ಅದಕ್ಕೆ ಉತ್ತರವಿದೆ.

ನೇರವಾಗಿ ವಿಚಾರಿಸಿ: "ಆತ್ಮಹತ್ಯೆ ಮಾಡ್ಕೋಬೇಕು ಅನ್ನಿಸ್ತಿದೆಯಾ?" ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಆದರೆ "ಅಂಥದ್ದೇನೂ ಇಲ್ಲ ತಾನೇ?" ಎನ್ನಬೇಡಿ. "ಇಲ್ಲ" ಎಂಬ ಉತ್ತರವನ್ನು ನೀವೇ ಕೈಗೆ ಕೊಟ್ಟ ಹಾಗಾಗುತ್ತದೆ. "ಹೌದು" ಅಂದರೆ ವಾದಕ್ಕಿಳಿಯಬೇಡಿ, ಮಕ್ಕಳ ಮುಖ ನೋಡು ಎನ್ನಬೇಡಿ. ಹೇಗೆ ಅಂತ ಯೋಚಿಸಿದ್ದಾರಾ, ಯಾವಾಗ, ಅದಕ್ಕೆ ಬೇಕಾದ್ದು ಹತ್ತಿರದಲ್ಲಿದೆಯಾ ಎಂದು ಕೇಳಿ. ಇವಕ್ಕೆ ಉತ್ತರ ಸಿದ್ಧವಾಗಿದ್ದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಭಾರತದಲ್ಲಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲೂ ರಾತ್ರಿಯೂ ಸಿಗುತ್ತದೆ. ನೀವೂ ಕರೆ ಮಾಡಬಹುದು. "ಯಾರಿಗೂ ಹೇಳಲ್ಲ" ಎಂದು ಮಾತ್ರ ಮಾತು ಕೊಡಬೇಡಿ.

ಇನ್ನು ಮನೆ. ಜನ ಅತಿ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. "ಮಾಡ್ಕೋಬೇಕು ಅಂದವರು ಹೇಗಾದರೂ ಮಾಡ್ಕೋತಾರೆ" ಎಂಬುದು ಸುಳ್ಳು. ಆ ತೀವ್ರ ಗಳಿಗೆ ಏರುತ್ತದೆ, ಇಳಿಯುತ್ತದೆ. ಅಷ್ಟು ಹೊತ್ತು ಅಪಾಯದ ವಸ್ತು ಕೈಗೆ ಸಿಗದಿದ್ದರೆ ಎಷ್ಟೋ ಜನ ಉಳಿಯುತ್ತಾರೆ. ಶ್ರೀಲಂಕಾದಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ನಿರ್ಬಂಧಿಸುತ್ತ ಬಂದರು. 2005ರ ಹೊತ್ತಿಗೆ ಇಡೀ ದೇಶದ ಆತ್ಮಹತ್ಯೆ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಆದ್ದರಿಂದ ಅಂಥ ವಸ್ತುಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರೆ ಸಾಲದು, ಮನೆಯಿಂದಾಚೆ ಸಾಗಿಸಿ. ಮಾತ್ರೆಗಳು ಬೇರೊಬ್ಬರ ಬಳಿ ಬೀಗದಲ್ಲಿರಲಿ, ಬೇಕಾದಷ್ಟನ್ನೇ ಅವರು ಕೊಡಲಿ. ಇದನ್ನೆಲ್ಲ ಆದಷ್ಟೂ "ಸಾಯ್ತೀನಿ" ಅಂದವರಿಗೆ ಹೇಳಿಯೇ ಮಾಡಿ.

ವೈದ್ಯರ ಬಳಿ ಕರೆದೊಯ್ಯುವಾಗ "ನಿನ್ನ ತಲೆ ಸರಿಯಿಲ್ಲ" ಎಂಬಲ್ಲಿಂದ ಶುರುಮಾಡಬೇಡಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ಅವರೇ ಹೇಳಿದ್ದನ್ನು ಹಿಡಿದು, "ಇದನ್ನ ತೋರಿಸೋಣ, ನಾನೂ ಬರ್ತೀನಿ" ಎನ್ನಿ. ಅಲ್ಲೇ ದಿನ, ಸಮಯ ಗೊತ್ತುಮಾಡಿ. ನಿದ್ದೆ, ಕುಡಿತ, ತೆಗೆದುಕೊಳ್ಳುವ ಔಷಧ, ಹಿಂದಿನ ಪ್ರಯತ್ನ ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಒಳಗೆ ಸ್ವಲ್ಪ ಹೊತ್ತು ಅವರನ್ನು ವೈದ್ಯರ ಜೊತೆ ಬಿಟ್ಟು ಹೊರಗೆ ಕೂರಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ವಾರಗಳು ಬೇಕು. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಲೂಬಹುದು. ಹಾಗಾದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಅಂದೇ ವೈದ್ಯರಿಗೆ ತಿಳಿಸಿ. ಮನೋರೋಗ ವಿಭಾಗದಿಂದ ಮನೆಗೆ ಬಂದ ಮೊದಲ ವಾರಗಳೂ ಅಪಾಯದವು. ಮನೆಯವರು ಉಸ್ಸೆಂದು ಕೈಬಿಡುವುದೂ ಆಗಲೇ.

ಬರುವುದೇ ಇಲ್ಲ ಅಂದರೆ? ಜೆರೋಮ್ ಮೋಟೊ ಎಂಬ ಅಮೆರಿಕದ ಮನೋವೈದ್ಯರು, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸದ 843 ಜನರಲ್ಲಿ ಒಂದು ಗುಂಪಿಗೆ 5 ವರ್ಷ ಚಿಕ್ಕ ಪತ್ರಗಳನ್ನು ಕಳಿಸುತ್ತಿದ್ದರು. ಅವುಗಳಲ್ಲಿ ಒತ್ತಾಯವಿರಲಿಲ್ಲ, ಬರೀ ವಿಚಾರಿಸಿಕೊಳ್ಳುವುದಷ್ಟೇ. ಮೊದಲ 2 ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆ ಕಡಿಮೆಯಾಯಿತು. ನೀವೂ ಬರೆಯಿರಿ: "ನೆನಪಾಯ್ತು. ಉತ್ತರ ಬರೀಲೇಬೇಕು ಅಂತಿಲ್ಲ." ಉತ್ತರ ಬರದಿದ್ದರೂ ಮತ್ತೆ ಬರೆಯಿರಿ. ಈ ನಡುವೆ ಅವರಿಗೆ ಕಾಯದೆ ನೀವೊಬ್ಬರೇ ಆಪ್ತಸಮಾಲೋಚಕರನ್ನು ಕಂಡು, ಮನೆಯಲ್ಲಿ ನಡೆಯುತ್ತಿರುವುದನ್ನು ಹೇಳಿ. ಮುಂದೇನು ಮಾಡಬೇಕೆಂದು ಕೇಳಿಕೊಂಡು ಬನ್ನಿ.