ಗೊರೂರು ಹಿನ್ನೀರಿನ ದಡದಲ್ಲಿ ಆಂಧ್ರದ ಮೀನು

ಶೆಟ್ಟಿಹಳ್ಳಿಯ ಮುಳುಗುವ ಚರ್ಚ್ ನೋಡೋಕೆ ಹೋಗುವವರಿಗೆ ಮೊದಲೇ ಒಂದು ಮಾತು. ಕಾರನ್ನು ಗಟ್ಟಿ ರಸ್ತೆಯ ಮೇಲೇ ಬಿಟ್ಟು ನಡೆದು ಹೋಗಿ. ಹಿನ್ನೀರು ಇಳಿದ ಜಾಗ ನೋಡೋಕೆ ಒಣಗಿ ಬಿರುಕು ಬಿಟ್ಟಿರುತ್ತದೆ. ಹಿಂದೆ ಹೋದವರ ಚಕ್ರದ ಗುರುತೂ ಇರುತ್ತದೆ. ನಂಬಬೇಡಿ. ಒಂದು ಗೇಣು ಕೆಳಗೆ ಬರೀ ಕೆಸರು. ನೀರಿಗೆ ಇನ್ನು ನೂರು ಹೆಜ್ಜೆ ಇದೆ ಅನ್ನುವಾಗ ನಮ್ಮ ಕಾರಿನ ಮುಂದಿನ ಎರಡೂ ಚಕ್ರ ಕೂತುಬಿಟ್ಟವು. ಆಕ್ಸಿಲರೇಟರ್ ಒತ್ತಿದಷ್ಟೂ ಇಳಿದವು. "ರಸ್ತೇಲೇ ನಿಲ್ಲಿಸಿ ಅಂದೆ ಅಲ್ವಾ" ಅಂತ ಹೆಂಡತಿ ಅವತ್ತು ಒಂದೇ ಸಲ ಹೇಳಿದ್ದು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಎಷ್ಟು ಸಲ ಅಂತ ನಾನು ಲೆಕ್ಕ ಇಟ್ಟಿಲ್ಲ.

ಆದರೆ ಕಾರು ಹೂತುಕೊಳ್ಳದಿದ್ದರೆ ಇದನ್ನು ಬರೆಯುತ್ತಲೂ ಇರಲಿಲ್ಲ.

ಜನವರಿಯಲ್ಲಿ ನಾಲ್ಕು ದಿನಕ್ಕೆ ಅಂತ ಹಾಸನದ ಅತ್ತಿಗೆ ಮನೆಗೆ ಹೋಗಿದ್ದೆವು. ಬೇಲೂರು, ಹಳೇಬೀಡು ನೋಡಿದೆವು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಅವುಗಳ ಬಗ್ಗೆ ಬರೆಯುವವರಿಗೇನೂ ಕೊರತೆ ಇಲ್ಲ, ನಾನು ಬಿಡುತ್ತೇನೆ. ಸಕಲೇಶಪುರದ ಹತ್ತಿರ ಒಂದು ರಾತ್ರಿ ಹೋಂಸ್ಟೇಯಲ್ಲಿದ್ದೆವು. ಸುತ್ತ ಎಕರೆಗಟ್ಟಲೆ ಕಾಫಿ ತೋಟ, ಕುಡಿಯೋಕೆ ಕೊಟ್ಟಿದ್ದು ಪೊಟ್ಟಣದ ಇನ್‌ಸ್ಟಂಟ್ ಕಾಫಿ. ಅದರ ಬಗ್ಗೆಯೂ ಅಷ್ಟೇ ಸಾಕು.

ಮೂರನೇ ದಿನ ಮಧ್ಯಾಹ್ನ ಗೊರೂರಿಗೆ ಹೋದೆವು. ಹೇಮಾವತಿಗೆ ಇಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1979ರಲ್ಲಿ. ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಕಣ್ಣಿಗೆ ನೀರು ಬಿಟ್ಟು ಬೇರೇನೂ ಕಾಣಲ್ಲ. ಆ ಕಡೆ ರಸ್ತೆ ಬದಿಯ ಒಂದು ಹೋಟೆಲ್‌ನಲ್ಲಿ "ಡ್ಯಾಂ ಫ್ರೆಶ್ ಮೀನು" ಅಂತ ಕೆಂಪಕ್ಷರದ ಬೋರ್ಡು. ಕಾಟ್ಲಾ ಫ್ರೈ ತಿಂದೆವು. ಮಸಾಲೆ ಚೆನ್ನಾಗಿತ್ತು. ಊರಿನ ನೀರು, ಊರಿನ ಮೀನು ಅಂತ ನಾನು ತಟ್ಟೆಯ ಫೋಟೋ ತೆಗೆದು ನಾಲ್ಕು ಗ್ರೂಪಿಗೆ ಕಳಿಸಿದೆ. ಹೊಟ್ಟೆ ಉರಿಸೋಕೆ ಇನ್ನೇನು ಬೇಕು.

ಮಾರನೇ ದಿನ ಬೆಳಿಗ್ಗೆ ಆರೂವರೆಗೆಲ್ಲ ಶೆಟ್ಟಿಹಳ್ಳಿ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು. ಅಣೆಕಟ್ಟು ಬಂದ ಮೇಲೆ ಊರು ಎದ್ದು ಹೋಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ಹೋಗಬಹುದು. ಮಂಜಿನಲ್ಲಿ ಕಮಾನುಗಳು ಮಾತ್ರ ಕಾಣುತ್ತಿದ್ದವು. ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ನಮಗಿಂತ ಮೊದಲೇ ಒಂದು ಪ್ರಿವೆಡ್ಡಿಂಗ್ ತಂಡ ಬಂದಿತ್ತು. ಉದ್ದ ಕೆಂಪು ಗೌನಿನ ಹುಡುಗಿ ಚಳಿಗೆ ನಡುಗುತ್ತಿದ್ದಳು. ಒಬ್ಬ ನೀಲಿ ಹೊಗೆ ಬಿಡುತ್ತಿದ್ದ. ಅವರಿಂದ ದೂರ ಹೋಗೋಣ ಅಂತ ಕಾರು ಇನ್ನಷ್ಟು ಮುಂದೆ ಬಿಟ್ಟಿದ್ದೇ ಎಡವಟ್ಟಾಯಿತು.

ನಾನು ಚಕ್ರದ ಕೆಳಗೆ ಕಲ್ಲು ತುರುಕುತ್ತಾ ಇದ್ದಾಗ ಒಂದು ತೆಪ್ಪ ದಡಕ್ಕೆ ಬಂತು. ಬಿದಿರಿನ ತೆಪ್ಪ, ಕೆಳಗೆ ಪ್ಲಾಸ್ಟಿಕ್ ಹೊದಿಸಿ ಟಾರು ಬಳಿದದ್ದು. ಗಂಡ ಹುಟ್ಟು ಹಾಕುತ್ತಿದ್ದ, ಹೆಂಡತಿ ಬಲೆಯ ರಾಶಿಯ ಮೇಲೆ ಕೂತಿದ್ದರು. ವಯಸ್ಸು ಐವತ್ತರ ಆಚೀಚೆ ಇರಬಹುದು.

"ಗಾಡಿ ಊತ್ಕತಾ ಅಣ್ಣ? ದಿನಕ್ಕೊಬ್ರು ಬತ್ತಾರೆ ಬುಡಿ," ಅಂದರು ಆ ಅಕ್ಕ. ಗಂಡ ಮಾತಾಡದೆ ಫೋನ್ ತೆಗೆದು ಟ್ರ್ಯಾಕ್ಟರ್‌ನವನಿಗೆ ಹೇಳಿದ. ಅವನು ಡೈರಿಗೆ ಹಾಲು ಹಾಕಿ ಬರಬೇಕಂತೆ. ಒಂದೂವರೆ ಗಂಟೆ.

ಆ ಒಂದೂವರೆ ಗಂಟೆ ನಾವು ಅವರ ಪಕ್ಕದಲ್ಲಿ ಕೂತಿದ್ದೆವು. ಅವರು ಬಲೆಯಿಂದ ಮೀನು ಬಿಡಿಸುತ್ತಿದ್ದರು. ಎಳೆಯುವುದಲ್ಲ ಅದು. ಕಿವಿರಿನ ಹತ್ತಿರ ಹೆಬ್ಬೆರಳು ಇಟ್ಟು, ದಾರದ ಎಳೆಯನ್ನು ಉಗುರಿನಲ್ಲಿ ಎತ್ತಿ, ಮೀನನ್ನು ತಲೆ ಕಡೆಯಿಂದ ಒಂದು ಸಣ್ಣ ತಿರುವು ತಿರುಗಿಸಿದರೆ ಸಾಕು, ಜಾರಿ ಕೈಗೆ ಬರುತ್ತಿತ್ತು. ನಾನೂ ಒಂದಕ್ಕೆ ಪ್ರಯತ್ನಪಟ್ಟು ಬಲೆಯನ್ನು ಇನ್ನಷ್ಟು ಸಿಕ್ಕು ಮಾಡಿದೆ. ಅಕ್ಕನ ಗಾಜಿನ ಬಳೆಗಳಿಗೆ ಮೀನಿನ ಹುರುಪೆ ಅಂಟಿ ಒಣಗಿತ್ತು. ಬಲೆ ತೇಲೋಕೆ ಕಟ್ಟಿದ್ದು ಹಳೇ ಹವಾಯಿ ಚಪ್ಪಲಿಯ ತುಂಡುಗಳು. ಸಿಕ್ಕಿದ್ದರಲ್ಲಿ ಜಾಸ್ತಿ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಎರಡು ರೋಹು, ಒಂದು ಕಾಟ್ಲಾ. ಒಂದು ಕೊರಮ ಇತ್ತು, ಅದನ್ನು ಮಾತ್ರ ನೀರು ತುಂಬಿದ ಬಕೆಟ್ಟಿಗೆ ಹಾಕಿ ಮುಚ್ಚಳದ ಮೇಲೆ ಕಲ್ಲಿಟ್ಟರು. ಜೀವ ಇದ್ದರೆ ಅದಕ್ಕೆ ಬೆಲೆ ಬೇರೆ.

ಸುಮ್ನೆ ಕೂರೋಕಾಗದೆ ನಾನು ಹಿಂದಿನ ದಿನದ ಫ್ರೈ ವರ್ಣನೆ ಶುರು ಮಾಡಿದೆ. "ನಿಮ್ಮ ಡ್ಯಾಮ್ ಮೀನು ಸೂಪರ್ ಅಕ್ಕ."

ಅಕ್ಕ ತಲೆ ಎತ್ತಲಿಲ್ಲ. "ತುಂಡು ಎಷ್ಟು ದಪ್ಪ ಇತ್ತು?"

ಬೆರಳಲ್ಲಿ ತೋರಿಸಿದೆ.

"ನಿಮ್ದೂ ಮನೆಯೋರದ್ದೂ ಒಂದೇ ಸೈಜಾ?"

"ಹೌದು, ಅಳತೆ ಮಾಡಿದ ಹಾಗೆ."

"ಅದು ಬಾಕ್ಸ್ ಮೀನು ಕಣಣ್ಣ," ಅಂದರು. "ಆಂಧ್ರದ್ದು. ರಾತ್ರಿ ಲಾರೀಲಿ ಬತ್ತದೆ, ಬೆಳಗಿನ ಜಾವ ಹಾಸನದಲ್ಲಿ ಇಳಿಸ್ತಾರೆ. ಓಟ್ಲು ನಮ್ ಹೊಳೆ ದಡದಾಗೆ, ಮೀನು ಮಾತ್ರ ಅಲ್ಲಿಂದು."

ಹೆಂಡತಿ ನನ್ನ ಮುಖ ನೋಡಿದಳು. ನಾಲ್ಕು ಗ್ರೂಪು ನೆನಪಾಯಿತು.

ಆಂಧ್ರದ ಭೀಮಾವರಂ, ಕೊಲ್ಲೇರು ಕಡೆ ನಾನು ಆಫೀಸಿನ ಕೆಲಸಕ್ಕೆ ಹೋಗಿದ್ದೇನೆ. ಗದ್ದೆ ಇರಬೇಕಾದ ಕಡೆ ಎಲ್ಲ ಕೆರೆಯಂಥ ಹೊಂಡಗಳು. ತೌಡು, ಹಿಂಡಿ ತುಂಬಿದ ಚೀಲಗಳಿಗೆ ತೂತು ಮಾಡಿ ಬಿದಿರಿನ ಗಳಕ್ಕೆ ಕಟ್ಟಿ ನೀರಿಗಿಳಿಸಿರುತ್ತಾರೆ. ಕಾಟ್ಲಾ, ರೋಹು ಬಂದು ಬಂದು ತಿಂದು ದಪ್ಪ ಆಗುತ್ತವೆ. ಒಂದು ಹೊಂಡ ಬಲೆ ಎಳೆದರೆ ಟನ್‌ಗಟ್ಟಲೆ, ಹೆಚ್ಚು ಕಡಿಮೆ ಒಂದೇ ಗಾತ್ರದ್ದು. ಪುಡಿ ಮಾಡಿದ ಐಸಿನ ಜೊತೆ ಕ್ರೇಟಿಗೆ ತುಂಬಿದರೆ ಲಾರಿ ಕೊಲ್ಕತ್ತಾ, ಅಸ್ಸಾಂವರೆಗೂ ಹೋಗುತ್ತದೆ. ಅಲ್ಲಿಗೇ ಹೋಗುವ ಲಾರಿಗೆ 800 ಕಿಲೋಮೀಟರ್ ಚಿಲ್ಲರೆ ದೂರದ ಹಾಸನ ಯಾವ ಲೆಕ್ಕ? ಅಲ್ಲಿ ನಿಂತು ನೋಡಿದಾಗ ಭೇಷ್ ಅಂದಿದ್ದೆ. ಇಲ್ಲಿ ಕೂತು ಕೇಳುವಾಗ ಬಾಯಿ ಬರಲಿಲ್ಲ.

"ನಿಮ್ಮದಕ್ಕಿಂತ ಎಷ್ಟು ಕಡಿಮೆ ಅಕ್ಕ ಅದು?"

"ಕೆಜಿಗೆ ನಲವತ್ತೋ ಐವತ್ತೋ. ರೇಟು ಬುಡಣ್ಣ, ನಾವೂ ಇಳಿಸ್ತೀವಿ. ಓಟ್ಲಿನೋನು ದಿನಾ ಇಪ್ಪತ್ತು ಕೆಜಿ ಬೇಕು ಅಂತಾನೆ. ಇವತ್ತು ಬಿದ್ದಿರೋದು ಒಂಬತ್ತು. ನೆನ್ನೆ ನಾಕು. ಮೊನ್ನೆ ಗಾಳಿ ಅಂತ ಬಲೇನೇ ಬುಡ್ಲಿಲ್ಲ. ಹೊಳೆ ನಮ್ ಮಾತು ಕೇಳ್ತದಾ? ಲಾರಿಯೋನು ಫೋನ್ ಮಾಡುದ್ರೆ ಕೇಳ್ತಾನೆ."

ಇನ್ನೊಂದು ಕಷ್ಟ ಐಸಿನದು. ಐಸು ಬೇಕೆಂದರೆ ಹಾಸನಕ್ಕೇ ಹೋಗಬೇಕು. ಒಂಬತ್ತು ಕೆಜಿ ಮೀನಿಗೆ ಐಸು ತರೋಕೆ ಹೋದರೆ ಮೀನಿನ ದುಡ್ಡು ಐಸಿಗೂ ಪೆಟ್ರೋಲಿಗೂ ಆಯಿತು. ಐಸಿಲ್ಲದಿದ್ದರೆ ಮಧ್ಯಾಹ್ನದೊಳಗೆ ಮಾರಲೇಬೇಕು. ತಗೊಳ್ಳುವವನಿಗೆ ಅದು ಗೊತ್ತು. ಹನ್ನೊಂದು ಗಂಟೆವರೆಗೆ ಸುಮ್ಮನಿದ್ದು ಆಮೇಲೆ ಬಂದು ಕೇಳುತ್ತಾನಂತೆ. 800 ಕಿಲೋಮೀಟರ್‌ನಿಂದ ಬಂದ ಮೀನು ಐಸಿನಲ್ಲಿ ಆರಾಮಾಗಿ ಮಲಗಿರುತ್ತದೆ, ಆಗ ತಾನೇ ನೀರಿಂದ ಎದ್ದ ಮೀನಿಗೆ ಅವಸರ.

ಮೋಸ ಹೋಗದ ಹಾಗೆ ನೋಡೋದು ಹೇಗೆ ಅಂತ ಕೇಳಿದೆ. ಅಕ್ಕ ರೋಹುವಿನ ಕಿವಿರು ಎತ್ತಿ ತೋರಿಸಿದರು. ದಾಳಿಂಬೆ ಕೆಂಪು. ಬೆರಳಲ್ಲಿ ಒತ್ತಿದ ಕಡೆ ಮಾಂಸ ಹಾಗೇ ಮೇಲೆದ್ದಿತು. "ಐಸಲ್ಲಿ ಇದ್ದಿದ್ದು ಅಂದ್ರೆ ಕಿವಿರು ಇಟ್ಟಿಗೆ ಬಣ್ಣಕ್ಕೆ ತಿರುಗ್ತದೆ. ಕಣ್ಣು ಮಂಜು ಮಂಜು. ಹೊಟ್ಟೆ ಕೊಯ್ದಾಗ ಬೆಣ್ಣೆ ಹಂಗೆ ಕೊಬ್ಬಿದ್ರೆ ಅದು ಹಿಂಡಿ ತಿಂದಿರೋ ಮೀನು." ಹಾಸನದಲ್ಲಿ ಮೀನು ತಗೊಳ್ಳುವವರು ಬೇಕಾದರೆ ಬರೆದಿಟ್ಟುಕೊಳ್ಳಿ. ಫ್ರೈ ಆಗಿ ತಟ್ಟೆಗೆ ಬಂದ ಮೇಲೆ ಯಾವ ವಿದ್ಯೆಯೂ ನಡೆಯಲ್ಲ.

ಅತ್ತಿಗೆಯ ದೊಡ್ಡ ಮಗ ಅಮೆರಿಕಾದ ಲೂಸಿಯಾನಾದಲ್ಲಿದ್ದಾನೆ. ಸಮುದ್ರದ ಬದಿಯ ರಾಜ್ಯ, ಸೀಗಡಿಗೆ ಹೆಸರುವಾಸಿ. ಅಲ್ಲಿನ ದೋಣಿಯವರ ಗೋಳನ್ನು ಅವನು ಫೋನಿನಲ್ಲಿ ಹೇಳುತ್ತಿರುತ್ತಾನೆ. ಅದನ್ನೇ ಅಕ್ಕನಿಗೆ ಹೇಳಿದೆ. ಅಮೆರಿಕಾದವರು ತಿನ್ನುವ ಸೀಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೊರದೇಶದ್ದು. ಸ್ವಂತ ದೋಣಿಯಲ್ಲಿ ಹಿಡಿದು ತಂದವರಿಗೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಎಷ್ಟೋ ಜನ ದೋಣಿ ಕಟ್ಟಿ ಹಾಕಿದ್ದಾರೆ.

"ಅವ್ರೂ ಬೆಸ್ತರಾ?" ಅಂದರು ಅಕ್ಕ.

ನನಗೆ ನಗು ಬಂತು. ಆದರೆ ಅವರು ಕೇಳಿದ್ದು ಸರಿಯಾಗೇ ಇತ್ತು. ತಾತನ ಕಾಲದಿಂದ ಅದೇ ಕಸುಬಿನವರು ಅಂದೆ. ವಿಯೆಟ್ನಾಂನಿಂದ ಓಡಿ ಹೋಗಿ ಅಲ್ಲಿ ಬಲೆ ಹಿಡಿದವರೂ ಇದ್ದಾರೆ ಅಂದೆ.

"ಹಂಗಾರೆ ಹೊರಗಿಂದು ಅಂತ ಜನಕ್ಕೆ ಗೊತ್ತಾಗಲ್ವಾ?"

ಅದಕ್ಕೆ ಲೂಸಿಯಾನಾದಲ್ಲಿ ಕಾನೂನೇ ಇದೆ. ಹೋಟೆಲ್‌ನವರು ಬಡಿಸುವ ಸೀಗಡಿ ಹೊರದೇಶದ್ದಾದರೆ ಗಿರಾಕಿಗೆ ಕಾಣುವ ಹಾಗೆ ಬರೆದು ತಿಳಿಸಬೇಕು. ಈ ಮಾತು ಅಕ್ಕನಿಗೆ ಬಹಳ ಹಿಡಿಸಿತು. "ಇಲ್ಲೂ ಬರೀಲಿ ಮತ್ತೆ! ಆಂಧ್ರ ಮೀನು ಅಂತ ಬೋರ್ಡಾಕ್ಲಿ, ತಿನ್ನೋರು ತಿನ್ಲಿ. ನಂದೇನೂ ಬ್ಯಾಡ ಅನ್ನಲ್ಲ. ನಮ್ ಡ್ಯಾಮ್ ಹೆಸ್ರು ಯಾಕೆ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿಗೆ ಸೀಗಡಿ ಯಾವೂರಿಂದ ಹೋಗ್ತದೆ?"

"ಜಾಸ್ತಿ ನಮ್ಮ ದೇಶದಿಂದಲೇ ಅಕ್ಕ. ಅದರಲ್ಲೂ ಆಂಧ್ರದಿಂದ."

ಕೈ ನಿಂತಿತು. "ಅಲ್ಲೂ ಅವ್ರೇನಾ!" ಗಂಡನ ಕಡೆ ತಿರುಗಿ, "ಕೇಳುದ್ರಾ, ಅಮೇರಿಕಾದಾಗೂ ಅವ್ರೇ ಅಂತೆ."

ವನ್ನಾಮಿ ಅನ್ನುವ ಬಿಳಿ ಸೀಗಡಿ ಸಾಕೋಕೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2009ರಲ್ಲಿ. ಆಮೇಲೆ ಆಂಧ್ರದ ಕರಾವಳಿಯ ಎಷ್ಟೋ ಹೊಂಡ ಅದಕ್ಕೇ ತಿರುಗಿತು. ಹಾಗಂತ ಅವರಿಗೆ ಸುಖ ಇದೆಯಾ ಅಂದರೆ ಅದೂ ಇಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕಾ ನಮ್ಮ ಮಾಲಿನ ಮೇಲೆ ಸುಂಕವನ್ನು ನೂರಕ್ಕೆ ಐವತ್ತಕ್ಕೆ ಏರಿಸಿದಾಗ ಸೀಗಡಿ ರೈತರು ತಲೆ ಮೇಲೆ ಕೈ ಹೊತ್ತು ಕೂತರು. ಅಮೆರಿಕಾಕ್ಕೆ ಹತ್ತಿರದ ಈಕ್ವೆಡಾರ್ ಕೂಡ ಸೀಗಡಿ ತುಂಬಿಕೊಂಡು ಕಾಯುತ್ತಿತ್ತು. ಇದನ್ನೂ ಹೇಳಿದೆ. ಆಂಧ್ರದವರಿಗೂ ಒಬ್ಬ ಆಂಧ್ರದವನು ಇದ್ದಾನೆ ಅಂತ ಅಕ್ಕನಿಗೆ ಒಂಚೂರು ಸಮಾಧಾನ ಆಗಲಿ ಅಂತ ನನ್ನ ಆಸೆ.

ಅಷ್ಟು ಹೊತ್ತು ಬೀಡಿ ಸೇದುತ್ತಾ ಕೂತಿದ್ದ ಗಂಡ ಆಗ ಬಾಯಿಬಿಟ್ಟ. "ಅಲ್ಲಿ ಬ್ಯಾಡ ಅಂದಿದ್ದು ಎಲ್ಲಿಗೆ ಬತ್ತದೆ ಏಳಿ? ಇಲ್ಲಿಗೇ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಕ್ಕಳು ಇದೇ ಕೆಲಸದಲ್ಲಿದ್ದಾರಾ ಅಂತ ಹೆಂಡತಿ ಕೇಳಿದಳು. ಒಬ್ಬ ಮಗ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಐಸ್ ಬಾಕ್ಸ್ ಇರುವ ಬೈಕಿಗೆ ಸಬ್ಸಿಡಿ ಸಿಗುತ್ತಿತ್ತು. ಹೆಂಗಸರ ಹೆಸರಲ್ಲಾದರೆ ನೂರಕ್ಕೆ ಅರವತ್ತು. ಅಕ್ಕನ ಹೆಸರಲ್ಲೇ ಅರ್ಜಿ ಹಾಕಿ ಬೈಕ್ ತಂದರು. ಅಪ್ಪ ಅಮ್ಮ ಹಿಡಿದಿದ್ದನ್ನು ಮಗ ಹಾಸನದ ಬೀದಿ ಬೀದಿಯಲ್ಲಿ ಮಾರಬೇಕು ಅಂತ ಲೆಕ್ಕ.

"ಮಾರ್ತಾನಾ?"

"ಮಾರ್ತಾನೆ. ಚೆನ್ನಾಗೇ ಮಾರ್ತಾನೆ." ಅಕ್ಕ ಬಲೆ ಒದರಿದರು. "ಬಾಕ್ಸ್ ತುಂಬ ಆಂಧ್ರ ಮೀನೇ. ನಮ್ದು ಕಾಯ್ತಾ ಕೂತ್ರೆ ಅವ್ನ ವ್ಯಾಪಾರ ಆಗಲ್ಲ. ಗಿರಾಕಿಗಳೂ ಮುಳ್ಳು ಕಮ್ಮಿದು ಕೊಡು, ದೊಡ್ಡ ತುಂಡು ಕೊಡು ಅಂತಾರೆ. ಏನ್ ಮಾಡ್ತಾನೆ? ಸಂಸಾರ ಐತೆ." ಬಲೆಯನ್ನು ಮಡಿಸಿ ತೆಪ್ಪಕ್ಕೆ ಹಾಕಿದರು. "ಮನೇಗೆ ಮಾತ್ರ ತರಬ್ಯಾಡ ಅಂದಿವ್ನಿ."

ಟ್ರ್ಯಾಕ್ಟರ್ ಬಂತು. ಹಗ್ಗ ಕಟ್ಟಿ ಎಳೆಯೋಕೆ ಐದು ನಿಮಿಷ, ಎಂಟುನೂರು ರೂಪಾಯಿ. ಚೌಕಾಸಿ ಮಾಡೋ ಸ್ಥಿತಿಯಲ್ಲಿ ನಾನಿರಲಿಲ್ಲ. ಅವನು ಕಾಸು ಎಣಿಸಿಕೊಂಡು, ಕೆಂಪು ಗೌನಿನವರ ಕಾರೂ ಎಲ್ಲಾದರೂ ಸಿಕ್ಕಿಕೊಂಡಿದೆಯಾ ಅಂತ ಒಮ್ಮೆ ಕಣ್ಣಾಡಿಸಿ ಹೋದ.

ಎರಡು ಕೆಜಿ ಜಿಲೇಬಿ, ಒಂದು ರೋಹು ತಗೊಂಡೆವು. ಕೊಡುವಾಗ ಅಕ್ಕ ತಾವಾಗೇ ಹತ್ತು ರೂಪಾಯಿ ಕಡಿಮೆ ಮಾಡಿದರು, ನಾನು ಬೇಡ ಅಂದರೂ ಕೇಳಲಿಲ್ಲ. ಡಿಕ್ಕಿಯಲ್ಲಿ ಹಳೇ ಪೇಪರ್ ಹಾಸಿ ಇಟ್ಟೆವು.

ಮಧ್ಯಾಹ್ನ ಅತ್ತಿಗೆ ಹುಣಸೆಹಣ್ಣು ಹಿಂಡಿ, ಹಸಿ ಮಸಾಲೆ ಅರೆದು ಸಾರು ಮಾಡಿದರು. ಮುದ್ದೆ. ಆ ರೋಹುವಿನ ಮಾಂಸ ಬಿಗಿ, ಬಾಯಿಗಿಟ್ಟರೆ ಸಿಹಿ. ಹಿಂದಿನ ದಿನ ತಿಂದಿದ್ದು ಮಸಾಲೆ ಅಷ್ಟೇ ಅಂತ ಆಗ ಗೊತ್ತಾಯಿತು. ಎರಡನೇ ತುತ್ತಿಗೇ ಅತ್ತಿಗೆಯ ಮೊಮ್ಮಗಳ ಗಂಟಲಿಗೆ ಜಿಲೇಬಿಯ ಮುಳ್ಳು ಸಿಕ್ಕಿಕೊಂಡಿತು. ಮುದ್ದೆ ಉಂಡೆ ನುಂಗಿಸಿದರು, ಬೆನ್ನು ತಟ್ಟಿದರು, ಅಳು ನಿಲ್ಲೋಕೆ ಹತ್ತು ನಿಮಿಷ ಹಿಡಿಯಿತು.

"ಎಷ್ಟು ಮುಳ್ಳು ಮಾರಾಯ್ರೇ ಇದು," ಅಂದರು ಅತ್ತಿಗೆ, ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಾ. "ನಾಳೆ ಬೈಕಿನ ಹುಡುಗ ಬರ್ತಾನೆ, ಅವನ ಹತ್ರ ಕಾಟ್ಲಾ ತಗೊಂಡರಾಯ್ತು. ಡ್ಯಾಮಿಂದೇ ತರ್ತಾನೆ ಅವನು."

ಹೆಂಡತಿ ನನ್ನ ಕಡೆ ನೋಡಿದಳು. ನಾನು ಮುಳ್ಳು ಬಿಡಿಸುತ್ತಾ ಕೂತೆ.