ಹಾರ್ಟಿಂಗ್ಟನ್ ಮೂರು ಸಲವೂ ಪ್ರಧಾನಿ ಪಟ್ಟ ಬೇಡವೆಂದದ್ದೇಕೆ?

ಬ್ರಿಟನ್ನಿನ ರಾಜಕಾರಣದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: ಮೂರು ಸಲ ಪ್ರಧಾನಿ ಪಟ್ಟ ಮನೆಬಾಗಿಲಿಗೆ ಬಂದರೂ ಹತ್ತೊಂಬತ್ತನೇ ಶತಮಾನದ ಲಿಬರಲ್ ಪಕ್ಷದ ನಾಯಕ ಲಾರ್ಡ್ ಹಾರ್ಟಿಂಗ್ಟನ್ ಒಲ್ಲೆ ಅಂದನಲ್ಲ, ಸೋಮಾರಿಯೋ ವಿರಾಗಿಯೋ?

ಎರಡೂ ಅಲ್ಲ, ಲೆಕ್ಕ ಬಲ್ಲವನು. ಸೋಮಾರಿ ಅನ್ನಿಸಿಕೊಂಡದ್ದೇನೋ ನಿಜ. ಕುದುರೆ ರೇಸು ಅಂದರೆ ಅವನಿಗೆ ಪ್ರಾಣ. ತನ್ನ ಭಾಷಣದ ನಡುವೆ ತಾನೇ ಆಕಳಿಸಿದ ಅನ್ನುವ ಕತೆಯೂ ಉಂಟು. ಆದರೆ ಡೆವನ್‌ಷೈರ್ ಡ್ಯೂಕನ ಈ ಮಗ 1857ರಲ್ಲೇ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ಬಂದವನು. ಅಪ್ಪ ಇರುವವರೆಗೆ ‘ಲಾರ್ಡ್’ ಬರೀ ಮರ್ಯಾದೆಯ ಬಿರುದು, ಚುನಾವಣೆಗೆ ನಿಲ್ಲಲು ಅಡ್ಡಿಯಿರಲಿಲ್ಲ. ಅಂಚೆ, ಐರ್ಲೆಂಡ್, ಭಾರತ, ಯುದ್ಧ ಖಾತೆಗಳನ್ನೆಲ್ಲ ನೋಡಿಕೊಂಡ. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಸೇರಿದಾಗ ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದವನು ಇವನೇ.

ಮೊದಲ ಕರೆ 1880ರ ಏಪ್ರಿಲ್‌ನಲ್ಲಿ ಬಂತು. ಹಿಂದೆ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ 1875ರಲ್ಲಿ ಪಕ್ಷದ ನಾಯಕತ್ವ ಬಿಟ್ಟ ಮೇಲೆ ಕಾಮನ್ಸ್‌ನಲ್ಲಿ ಲಿಬರಲ್ಲರನ್ನು ಐದು ವರ್ಷ ಮುನ್ನಡೆಸಿದ್ದವನು ಹಾರ್ಟಿಂಗ್ಟನ್. ಆದರೆ ಚುನಾವಣೆ ಗೆದ್ದದ್ದು ಗ್ಲಾಡ್‌ಸ್ಟನ್ನನ ಸ್ಕಾಟ್ಲೆಂಡಿನ ಮಿಡ್‌ಲೋಥಿಯನ್ ಕ್ಷೇತ್ರದ ಭಾಷಣಗಳ ಅಬ್ಬರದಿಂದ. ಗ್ಲಾಡ್‌ಸ್ಟನ್ನನ್ನು ಕಂಡರಾಗದ ವಿಕ್ಟೋರಿಯಾ ರಾಣಿ ವಿಂಡ್ಸರ್‌ಗೆ ಕರೆಸಿ, ಸರ್ಕಾರ ನೀನೇ ಮಾಡು ಅಂದಳು. ಇವನು ಲಂಡನ್ನಿಗೆ ಮರಳಿ, ನನ್ನ ಕೈಕೆಳಗೆ ಮಂತ್ರಿಯಾಗುತ್ತೀರಾ ಎಂದು ಗ್ಲಾಡ್‌ಸ್ಟನ್ನನನ್ನೇ ಕೇಳಿದ. ಆಗುವುದಿಲ್ಲ ಅಂದ ಮುದುಕ. ಆ ಮನುಷ್ಯ ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಯಾವ ಪ್ರಧಾನಿ ಎಷ್ಟು ದಿನ ಬಾಳಿಯಾನು? ಮರುದಿನ ಲಾರ್ಡ್ಸ್ ಸಭೆಯ ಲಿಬರಲ್ ನಾಯಕ ಗ್ರ್ಯಾನ್‌ವಿಲ್ ಜೊತೆ ಹೋಗಿ, ಅವರನ್ನೇ ಕರೆಯಿರಿ ಎಂದು ರಾಣಿಗೆ ಹೇಳಿಬಂದ.

1886ರ ಕತೆ ಇನ್ನೂ ತೊಡಕಿನದು. ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಗ್ಲಾಡ್‌ಸ್ಟನ್ ಮಸೂದೆಯನ್ನು ಹಾರ್ಟಿಂಗ್ಟನ್ ವಿರೋಧಿಸಿದ. ಅದು 313ಕ್ಕೆ 343 ಮತಗಳಿಂದ ಬಿತ್ತು, ಪಕ್ಷವೂ ಒಡೆಯಿತು. 1882ರಲ್ಲಿ ಡಬ್ಲಿನ್ನಿನಲ್ಲಿ ತಮ್ಮ ಫ್ರೆಡರಿಕ್ ಕೊಲೆಯಾದದ್ದೇ ಈ ಹಟಕ್ಕೆ ಕಾರಣ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಅದಕ್ಕೂ ಮುಂಚೆ ಅವನ ನಿಲುವು ಅದೇ. ಚುನಾವಣೆಯ ಬಳಿಕ ಟೋರಿ (ಕನ್ಸರ್ವೇಟಿವ್) ನಾಯಕ ಸಾಲ್ಸ್‌ಬರಿ, ನೀನು ಪ್ರಧಾನಿಯಾಗು, ನಾನು ನಿನ್ನ ಕೆಳಗೆ ದುಡಿಯುತ್ತೇನೆ ಅಂದ. ಒಪ್ಪಿದ್ದರೆ ಸುತ್ತ ಟೋರಿಗಳೇ ತುಂಬಿರುತ್ತಿದ್ದರು; ಇವನಂತೆಯೇ ಮಸೂದೆ ವಿರೋಧಿಸಿ ಲಿಬರಲ್ಲರಿಂದ ಸಿಡಿದಿದ್ದ ಚೇಂಬರ್ಲೇನನಂಥವರು ಜೊತೆಗೆ ಬರುತ್ತಿರಲಿಲ್ಲ. ಟೋರಿಗಳಿಗೆ ಸ್ವಂತ ಬಹುಮತವಿರಲಿಲ್ಲ, ಹೊರಗೇ ಉಳಿದದ್ದರಿಂದ ಸರ್ಕಾರದ ಜುಟ್ಟು ಇವನ ಗುಂಪಿನ ಕೈಯಲ್ಲೇ ಉಳಿಯಿತು.

ವರ್ಷದ ಕೊನೆಗೆ ಹಣಕಾಸು ಮಂತ್ರಿ ರ್‍ಯಾಂಡಾಲ್ಫ್ ಚರ್ಚಿಲ್ ರಾಜೀನಾಮೆ ಎಸೆದಾಗ ಸಾಲ್ಸ್‌ಬರಿ ಮತ್ತೆ ಅದೇ ಮಾತೆತ್ತಿದ. ಈ ಸಲವೂ ಇಲ್ಲ. ಬದಲಿಗೆ ತನ್ನ ಕಡೆಯ ಗೋಷೆನ್ ಹಣಕಾಸು ಮಂತ್ರಿಯಾದ.

1891ರಲ್ಲಿ ಅಪ್ಪ ತೀರಿಕೊಂಡು, ಡ್ಯೂಕ್ ಆಗಿ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಹೋದ. 1895ರಲ್ಲಿ ಕೊನೆಗೂ ಸಾಲ್ಸ್‌ಬರಿ ಸಂಪುಟ ಸೇರಿದ, ಪ್ರಧಾನಿಯಾಗಿ ಅಲ್ಲ. 1903ರಲ್ಲಿ ಆಮದು ಸುಂಕದ ಜಗಳದಲ್ಲಿ ಮಂತ್ರಿಗಿರಿಯನ್ನೂ ಬಿಟ್ಟು ಎದ್ದುಬಂದ.